ಅಜಂತೆಗೆ ಹೋಗಿಬಂದ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪ

ಮೈಸೂರಿನ ಚಿತ್ರಗಾರರ ಮನೆಗಳಲ್ಲಿ ಹುಣಿಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯೊಳಗಿಟ್ಟು ಸುಟ್ಟು, ರೇಖೆ ಎಳೆಯುವ ಇದ್ದಿಲನ್ನು ಮಾಡಿಕೊಳ್ಳುತ್ತಿದ್ದರು. ಅಳಿಲಿನ ಕೂದಲಿನಿಂದ ಕುಂಚ ಕಟ್ಟುತ್ತಿದ್ದರು. ಮಕ್ಕಿ ಸಫೇದವನ್ನು ಅರೆದು ಆಭರಣದ ಜಾಗಗಳಲ್ಲಿ ಉಬ್ಬು ಬರಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಿದ್ದರು. ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು ಎಂಬುದೆಲ್ಲ ಧ್ಯಾನಶ್ಲೋಕದಲ್ಲಿ ಮೊದಲೇ ನಿಶ್ಚಿತವಾಗಿರುತ್ತಿತ್ತು. ಹುಡುಗನು ತಂದೆಯ ಚಿತ್ರವನ್ನು ನೋಡಿ ಬರೆಯುತ್ತಿದ್ದನು. ತಂದೆಯು ಅಜ್ಜನದನ್ನು ನೋಡಿ ಬರೆದಿದ್ದನು. ಆ ಮನೆಗಳಲ್ಲಿ ಪ್ರತಿ ಮಾಡುವುದು ಕಲಿಕೆಯ ಮೊದಲ ಮೆಟ್ಟಿಲೂ ಹೌದು, ಕಡೆಯ ಮೆಟ್ಟಿಲೂ ಹೌದು. ಕೆ. ವೆಂಕಟಪ್ಪನವರು 1886ರಲ್ಲಿ ಹುಟ್ಟಿದ್ದು ಅರಮನೆಯನ್ನು ಆಶ್ರಯಿಸಿದ್ದ ಇಂಥದೊಂದು ಮನೆತನದಲ್ಲಿ. ಕರ್ನಾಟಕದ ಆಧುನಿಕ ಚಿತ್ರಕಲೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅವರ ಹೆಸರಿನಿಂದ ಆರಂಭಿಸುತ್ತಾರೆ. ಆದರೆ ಅವರ ಬದುಕಿನ ಮೊದಲ ಪಾದದಲ್ಲಿ ನಡೆದ ಒಂದು ಪ್ರತಿಕಾರ್ಯವನ್ನು ಆ ಚರಿತ್ರೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತದೆ. ಅಲ್ಲಿ ತುಸು ನಿಲ್ಲಬೇಕಾಗಿದೆ.

ನಾಲ್ವಡಿ ಕೃಷ್ಣರಾಜ ಒಡೆಯರು ಈ ತರುಣನ ಕೈಚಳಕವನ್ನು ಗುರುತಿಸಿ, ಹೆಚ್ಚಿನ ಅಭ್ಯಾಸಕ್ಕೆಂದು ಕಲ್ಕತ್ತೆಯ ಸರಕಾರಿ ಕಲಾಶಾಲೆಗೆ ಕಳುಹಿಸಿಕೊಟ್ಟರು. 1909ರಿಂದ 1916ರವರೆಗೆ ವೆಂಕಟಪ್ಪನವರು ಅಲ್ಲಿದ್ದರು. ಪರ್ಸಿ ಬ್ರೌನ್ ಆಗ ಆ ಶಾಲೆಯ ಮುಖ್ಯಸ್ಥರು. ಗುರುವಾಗಿ ದೊರೆತವರು ಅವನೀಂದ್ರನಾಥ ಠಾಕೂರರು. ತೈಲವರ್ಣದ ಐರೋಪ್ಯ ರೀತಿಯನ್ನು ಬದಿಗಿಟ್ಟು, ಮೊಗಲ್ ಮತ್ತು ರಾಜಪೂತ ಕಿರುಚಿತ್ರಗಳ ಕಡೆಗೂ ಜಪಾನಿನ ಕಡೆಗೂ ಮುಖಮಾಡಿದ್ದ ಬಂಗಾಳದ ಪಂಥ ಆಗ ಹೊಸದಾಗಿ ರೂಪುಗೊಳ್ಳುತ್ತಿತ್ತು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ ತೆಗೆದು, ಒಣಗಿಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ಅದ್ದುವ ವಾಷ್ ಕ್ರಮವನ್ನು ಶಿಷ್ಯರು ಅಲ್ಲಿ ಕಲಿತರು. ಬಣ್ಣವು ಕಾಗದದ ಮೇಲೆ ಕುಳಿತಿರದೆ ಒಳಗೆ ಇಳಿದು ಮಂಜಿನಂತೆ ಹರಡಿಕೊಳ್ಳುತ್ತಿತ್ತು. ಚಿನ್ನದ ರೇಕಿನ ಹೊಳಪಿನಲ್ಲಿ ಬೆಳೆದ ಮೈಸೂರಿನ ಹುಡುಗನಿಗೆ ಇದು ಬೇರೆಯೇ ಲೋಕ. ಸಹಪಾಠಿಗಳಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತರಿದ್ದರು. ಬಂಗಾಳಿಗಳ ನಡುವೆ ಕನ್ನಡದ ಈ ಒಬ್ಬರು ಮಿತಭಾಷಿಯಾಗಿ ಕೆಲಸದಲ್ಲಿ ಮುಳುಗಿದರು.

ಅವರು ಕಲ್ಕತ್ತೆ ಸೇರಿದ ವರ್ಷವೇ ಇಂಗ್ಲೆಂಡಿನಿಂದ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಮಹಿಳೆ ಅಜಂತೆಗೆ ಎರಡನೆಯ ಬಾರಿ ಬಂದರು. ಮುಂದೆ ಲೇಡಿ ಹೆರಿಂಗ್‌ಹ್ಯಾಮ್ ಎಂದು ಹೆಸರಾದ ಈಕೆಯ ಹಿನ್ನೆಲೆಯನ್ನು ತಿಳಿಯದೆ ಅಜಂತೆಯ ಆ ಕಾರ್ಯದ ಅರ್ಥವಾಗುವುದಿಲ್ಲ. ಇಟಲಿಯ ಪುನರುಜ್ಜೀವನ ಕಾಲದ ಧಾರ್ಮಿಕ ಭಿತ್ತಿಚಿತ್ರಗಳು ಚರ್ಚುಗಳ ಗೋಡೆಗಳಿಗೆ ಅಂಟಿಕೊಂಡಂಥವು. ಅವನ್ನು ಕಳಚಿ ಬೇರೆಡೆಗೆ ಒಯ್ಯುವಂತಿರಲಿಲ್ಲ. ಎಲ್ಲರೂ ಇಟಲಿಗೆ ಹೋಗುವಂತೆಯೂ ಇರಲಿಲ್ಲ. ತೇವ, ಹೊಗೆ, ಅಲಕ್ಷ್ಯಗಳಿಂದ ಗೋಡೆಗಳು ದಿನದಿನಕ್ಕೆ ಅಳಿಯುತ್ತಿದ್ದವು. 1848ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಅರುಂಡೆಲ್ ಸೊಸೈಟಿ ಇದಕ್ಕೊಂದು ದಾರಿ ಕಂಡುಕೊಂಡಿತು. ನುರಿತ ಕಲಾವಿದರನ್ನು ಗೊತ್ತುಮಾಡಿ, ಜೊತ್ತೊ, ಮಸಾಚಿಯೊ, ಫ್ರಾ ಆಂಜೆಲಿಕೊ, ಪೆರುಜಿನೊ, ಗಿರ್ಲಾಂದಾಯೊ ಮುಂತಾದವರ ಕೃತಿಗಳಿಗೆ ಜಲವರ್ಣದಲ್ಲಿ ಪ್ರತಿಗಳನ್ನು ಬರೆಸಿತು. ಅವನ್ನು ಕಲ್ಲಚ್ಚಿನಲ್ಲಿ ಬಹುವರ್ಣಗಳಾಗಿ ಮುದ್ರಿಸಿ ಸದಸ್ಯರಿಗೆ ಹಂಚಿತು. ವಿಮರ್ಶಕ ಜಾನ್ ರಸ್ಕಿನ್ ಈ ಕಾರ್ಯದ ಬೆಂಬಲಕ್ಕೆ ನಿಂತವರಲ್ಲಿ ಪ್ರಮುಖರು. ಛಾಯಾಚಿತ್ರಕ್ಕೆ ಬಣ್ಣ ಬಾರದಿದ್ದ ಕಾಲದಲ್ಲಿ ಇಂಗ್ಲೆಂಡಿನ ಸಾಮಾನ್ಯ ಕಲಾಪ್ರಿಯನು ಇಟಲಿಯ ಗೋಡೆಗಳನ್ನು ಕಂಡದ್ದು ಬಹುಮಟ್ಟಿಗೆ ಈ ಪ್ರತಿಗಳ ಮೂಲಕವೇ. 1897ರಲ್ಲಿ ಸೊಸೈಟಿ ಮುಚ್ಚಿತು. ಅದಾದ ಎರಡು ವರ್ಷಕ್ಕೆ, 1899ರಲ್ಲಿ, ಹೆರಿಂಗ್‌ಹ್ಯಾಮ್ ಅವರು ಚೆನ್ನಿನೊ ಚೆನ್ನಿನಿಯ ಇಟಾಲಿಯನ್ ಕಲಾಗ್ರಂಥವನ್ನು ಇಂಗ್ಲಿಷಿಗೆ ತಂದರು. ಗಾರೆ ಕಲಸುವ, ಬಣ್ಣ ಅರೆಯುವ, ಮೊಟ್ಟೆಯ ಲೋಳೆಯಲ್ಲಿ ಬಣ್ಣ ಕಟ್ಟುವ ಹಳೆಯ ವಿಧಾನಗಳ ಕೈಪಿಡಿ ಅದು. ಆಕೆ ಕೇವಲ ಅನುವಾದಿಸಲಿಲ್ಲ, ಆ ವಿಧಾನಗಳಲ್ಲಿಯೇ ಬೊಟ್ಟಿಚೆಲ್ಲಿಯ ಚಿತ್ರಗಳಿಗೆ ಪ್ರತಿ ಬರೆದು ಪರೀಕ್ಷಿಸಿದರು. ಇಟಲಿಯ ಗೋಡೆಗಳಿಗೆ ದೊರೆತ ಉಪಚಾರ ಅಜಂತೆಯ ಗೋಡೆಗಳಿಗೂ ದೊರೆಯಬೇಕೆಂಬ ಹಂಬಲದಿಂದ ಈ ಮಹಿಳೆ ನಿಜಾಮರ ಸೀಮೆಗೆ ಬಂದರು.

ಅಜಂತೆಯಲ್ಲಿ ಪ್ರತಿಕಾರ್ಯ ಹೊಸದಾಗಿರಲಿಲ್ಲ. 1819ರಲ್ಲಿ ಗುಹೆಗಳು ಆಂಗ್ಲರ ಕಣ್ಣಿಗೆ ಬಿದ್ದ ಮೇಲೆ, ಮದರಾಸು ಸೈನ್ಯದ ಅಧಿಕಾರಿ ರಾಬರ್ಟ್ ಗಿಲ್ 1844ರಿಂದ ವರ್ಷಗಟ್ಟಲೆ ಅಲ್ಲಿಯೇ ನೆಲೆಸಿ ತೈಲವರ್ಣದಲ್ಲಿ ಪ್ರತಿಗಳನ್ನು ಬರೆದಿದ್ದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಅವು 1866ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಬಳಿಕ ಮುಂಬಯಿಯ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ತಮ್ಮ ವಿದ್ಯಾರ್ಥಿಗಳೊಡನೆ 1872ರಿಂದ 1885ರವರೆಗೆ ಹೊಸ ಪ್ರತಿಗಳನ್ನು ಸಿದ್ಧಪಡಿಸಿದರು. (ಕೊಲ್ಹಾಪುರ ದರ್ಬಾರಿನ ಚಿತ್ರಕಾರರೆಂದು ಈ ಸೀಮೆಯವರು ಇಂದಿಗೂ ನೆನೆಯುವ ಅಬಾಲಾಲ್ ರೆಹಮಾನರು ಕಲಿತದ್ದು ಇದೇ ಶಾಲೆಯಲ್ಲಿ.) ಅವುಗಳಲ್ಲಿಯೂ ಅನೇಕವು 1885ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಬೆಂಕಿಗೆ ತುತ್ತಾದವು. ಗೋಡೆ ಅಳಿದರೂ ಚಿತ್ರ ಉಳಿಯಲೆಂದು ಮಾಡಿದ ಪ್ರತಿಗಳೇ ಮೊದಲು ಅಳಿದುಹೋದದ್ದು ವಿಪರ್ಯಾಸ. ಅದಕ್ಕಿಂತ ದೊಡ್ಡ ಅನ್ಯಾಯ ಗೋಡೆಗಳ ಮೇಲೆಯೇ ನಡೆದಿತ್ತು: ಮಂಕಾದ ಬಣ್ಣ ಸ್ಪಷ್ಟವಾಗಿ ಕಾಣಲೆಂದು ಹಿಂದಿನವರು ಬಳಿದ ವಾರ್ನಿಷ್ ಹಳದಿಗಟ್ಟಿ, ಬಿರಿದು, ಬಣ್ಣದ ಪದರವನ್ನೂ ತನ್ನೊಡನೆ ಎಬ್ಬಿಸತೊಡಗಿತ್ತು.

1909–10 ಮತ್ತು 1910–11ರ ಎರಡು ಚಳಿಗಾಲಗಳಲ್ಲಿ ಹೆರಿಂಗ್‌ಹ್ಯಾಮ್ ಅವರ ಕೆಲಸ ನಡೆಯಿತು. ಕಲ್ಕತ್ತೆಯಿಂದ ಅವನೀಂದ್ರನಾಥರ ಶಿಷ್ಯರು ನೆರವಿಗೆ ಹೋಗಬೇಕೆಂದು ಒತ್ತಾಯಿಸಿದವರಲ್ಲಿ ಸೋದರಿ ನಿವೇದಿತಾ ಒಬ್ಬರು. ಆ ಚಳಿಗಾಲದಲ್ಲಿ ಆಕೆಯೂ ಜಗದೀಶಚಂದ್ರ ಬೋಸರೂ ಗುಹೆಗಳನ್ನು ನೋಡಲು ಬಂದಿದ್ದರು. ನಂದಲಾಲ್, ಹಲ್ದಾರ್, ಗುಪ್ತ, ವೆಂಕಟಪ್ಪ ಈ ನಾಲ್ವರು ತಂಡ ಸೇರಿದರು. ಹೈದರಾಬಾದಿನಿಂದ ಸಯ್ಯದ್ ಅಹಮದ್ ಮತ್ತು ಮಹಮ್ಮದ್ ಫಜಲುದ್ದೀನ್ ಬಂದರು. ಮುಂದೆ ಸಯ್ಯದ್ ಅಹಮದರು ಅದೇ ಗುಹೆಗಳ ಮೇಲ್ವಿಚಾರಕರಾಗಿ ಬಾಳಿನ ಬಹುಭಾಗವನ್ನು ಅಲ್ಲಿ ಕಳೆದರು.

ಅಜಂತೆಯ ಗೋಡೆಗೂ ಇಟಲಿಯ ಗೋಡೆಗೂ ಮೂಲದಲ್ಲಿಯೇ ವ್ಯತ್ಯಾಸವಿದೆ. ಇಟಲಿಯವರು ಹಸಿಗಾರೆಯ ಮೇಲೆ ಅಂದಿಗಂದಿಗೆ ಬಣ್ಣ ಹಚ್ಚುತ್ತಿದ್ದರು. ಗಾರೆ ಒಣಗುವಾಗ ಬಣ್ಣವು ಸುಣ್ಣದೊಡನೆ ಕಲ್ಲಾಗಿ ಸೇರಿಹೋಗುತ್ತಿತ್ತು. ಆ ವಿಧಾನದ ಗೋಡೆಗಳನ್ನು ನೋಡಲು ಕನ್ನಡಿಗರು ಇಟಲಿಗೇ ಹೋಗಬೇಕಾಗಿಲ್ಲ. ವೆಂಕಟಪ್ಪನವರು ಇನ್ನೂ ಹುಡುಗರಾಗಿದ್ದಾಗ, 1899ರಿಂದ 1901ರ ಅವಧಿಯಲ್ಲಿ, ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ಅಂಥ ಚಿತ್ರಗಳಿಂದ ತುಂಬಿದ್ದರು. ಅಜಂತೆಯದು ಬೇರೆ. ಮಣ್ಣಿಗೆ ಭತ್ತದ ಹೊಟ್ಟು, ನಾರು ಬೆರೆಸಿ ಬಂಡೆಗೆ ಮೆತ್ತಿ, ಮೇಲೆ ಸುಣ್ಣದ ತೆಳುಪದರ ಸವರಿ, ಅದು ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ ಹಚ್ಚಿದ್ದು. ಕೆಂಪು ಹಳದಿಗಳು ನೆಲದ ಮಣ್ಣಿನಿಂದ ಬಂದವು. ನೀಲಿ ಮಾತ್ರ ದೂರದಿಂದ ತಂದ ಲಾಜವರ್ದ ಕಲ್ಲಿನದು. ಹುಣಿಸೆ ಇದ್ದಿಲು, ಅಂಟು, ಖನಿಜದ ಬಣ್ಣಗಳ ನಡುವೆ ಬೆಳೆದ ಚಿತ್ರಗಾರನ ಮಗನಿಗೆ ಈ ಗೋಡೆಯ ಅಡುಗೆ ಅಪರಿಚಿತವಾಗಿ ಕಂಡಿರಲಾರದು. ಕಲ್ಕತ್ತೆಯ ಗೆಳೆಯರು ಪುಸ್ತಕ ಮತ್ತು ಶಾಲೆಯ ಮೂಲಕ ತಲುಪಿದ ಜಾಗಕ್ಕೆ ಅವರು ಮನೆಯ ಕಡೆಯಿಂದ ನಡೆದುಬಂದಿದ್ದರು.

ಗುಹೆಯಲ್ಲಿ ಕತ್ತಲು. ಬೆಳಕು ಬಾಗಿಲಿನಿಂದ ಒಳಬಂದು ಕೆಲವೇ ಗಂಟೆ ಗೋಡೆಯ ಮೇಲೆ ನಿಲ್ಲುತ್ತದೆ. ಇದ್ದ ರೇಖೆಯನ್ನು ಇದ್ದಂತೆ ಹಿಡಿಯಬೇಕು, ಇಲ್ಲದ್ದನ್ನು ಸೇರಿಸಬಾರದು. ಆದರೆ ಅರ್ಧ ಉದುರಿದ ಮುಖದ ಎದುರು ಪ್ರತಿಕಾರನು ಏನು ಮಾಡಬೇಕು? ತುಟಿಯ ಒಂದು ಕೊನೆ ಉಳಿದು ಇನ್ನೊಂದು ಕೊನೆ ಗಾರೆಯೊಡನೆ ಹೋಗಿದ್ದರೆ, ಕುಂಚ ತಾನೇ ಮುಂದುವರಿಯಲು ಹವಣಿಸುತ್ತದೆ. ಅಲ್ಲಿ ಕೈಯನ್ನು ತಡೆಯುವುದೇ ಪ್ರತಿಕಾರನ ಶೀಲ. ತನ್ನ ಶೈಲಿಯನ್ನು ಹುಡುಕುತ್ತಿರುವ ವಯಸ್ಸಿನಲ್ಲಿ ತನ್ನತನವನ್ನು ಹೀಗೆ ಹಿಂದಕ್ಕಿಡುವುದು ಸುಲಭದ ಸಾಧನೆಯಲ್ಲ. ಒಂದನೆಯ ಗುಹೆಯ ಪದ್ಮಪಾಣಿಯ ಹುಬ್ಬಿನಿಂದ ಭುಜಕ್ಕೆ ಇಳಿಯುವ ಗೆರೆ, ಹದಿನೇಳನೆಯ ಗುಹೆಯಲ್ಲಿ ಬುದ್ಧನ ಭಿಕ್ಷಾಪಾತ್ರೆಯ ಎದುರು ನಿಂತ ತಾಯಿಮಗು, ಹದಿನಾರನೆಯದರಲ್ಲಿ ಪ್ರಾಣ ಬಿಡುತ್ತಿರುವ ರಾಜಕುಮಾರಿ: ಇವು ಆ ಗುಹೆಗಳಿಗೆ ಹೋದ ಯಾವ ಚಿತ್ರಕಾರನ ಕಣ್ಣನ್ನೂ ಬಿಡುವಂಥವಲ್ಲ. ವೆಂಕಟಪ್ಪನವರ ಮುಂದಿನ ಚಿತ್ರಗಳಲ್ಲಿ ಬಣ್ಣಕ್ಕಿಂತ ರೇಖೆಗೆ ಸಂದಿರುವ ಗೌರವವನ್ನು ನೋಡಿದರೆ ಅಜಂತೆಯ ನೆನಪಾಗದಿರದು.

ಈ ಪ್ರತಿಗಳು 1911ರಲ್ಲಿ ಲಂಡನ್ನಿನ ಸಾಮ್ರಾಜ್ಯೋತ್ಸವದಲ್ಲಿ ಸಾರ್ವಜನಿಕರ ನೋಟಕ್ಕೆ ತೆರೆದುಕೊಂಡವು. ಪ್ರದರ್ಶನದ ಸ್ಥಳ ಕ್ರಿಸ್ಟಲ್ ಪ್ಯಾಲೇಸ್, ಎಂದರೆ ಗಿಲ್ಲರ ಪ್ರತಿಗಳು ಬೂದಿಯಾದ ಅದೇ ಕಟ್ಟಡ. 1915ರಲ್ಲಿ ಇಂಡಿಯಾ ಸೊಸೈಟಿ ಅವನ್ನು ಗ್ರಂಥರೂಪದಲ್ಲಿ ಹೊರತಂದಿತು. ಆ ಹೊತ್ತಿಗೆ ಹೆರಿಂಗ್‌ಹ್ಯಾಮ್ ಅವರ ಬುದ್ಧಿಯ ಸಮತೋಲ ಕದಡಿತ್ತು. ಅಜಂತೆಯಿಂದ ಮರಳಿದವರು ಯಾರೋ ತಮ್ಮನ್ನು ಬೆನ್ನಟ್ಟುತ್ತಿರುವರೆಂಬ ಭ್ರಾಂತಿಗೆ ಒಳಗಾಗಿ, 1929ರಲ್ಲಿ ತೀರಿಕೊಳ್ಳುವವರೆಗೆ ಚಿಕಿತ್ಸಾಲಯಗಳಲ್ಲಿಯೇ ದಿನ ಕಳೆದರು. ಗೋಡೆಗಳ ಉಪಚಾರಕ್ಕೆ 1920ರ ಬಳಿಕ ನಿಜಾಮ ಸರಕಾರ ಕರೆಸಿಕೊಂಡದ್ದು ಇಟಲಿಯ ತಜ್ಞರನ್ನೇ.

ಕಲ್ಕತ್ತೆಗೆ ಮರಳಿದ ವೆಂಕಟಪ್ಪನವರಿಗೆ ಇನ್ನೊಂದು ದೊಡ್ಡ ಅವಕಾಶ ಕಾದಿತ್ತು. ನಿವೇದಿತಾ ಆರಂಭಿಸಿ, ಆಕೆಯ ನಿಧನಾನಂತರ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಗ್ರಂಥ 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ವರ್ಣಚಿತ್ರಗಳ ಪೈಕಿ ರಾಮಾಯಣದ ಹಲವು ಪ್ರಸಂಗಗಳನ್ನು ಬರೆದವರು ವೆಂಕಟಪ್ಪನವರು. ಇತರರ ಗೋಡೆಗಳಿಗೆ ಪ್ರತಿ ಮಾಡಿದ ಕೈಯ ಚಿತ್ರಗಳು ಈಗ ಅಚ್ಚಿನ ಪ್ರತಿಗಳಾಗಿ, ಅವರು ಎಂದೂ ಕಾಣದ ದೇಶಗಳ ಓದುಗರನ್ನು ತಲುಪಿದವು.

ಅಭ್ಯಾಸ ಮುಗಿದ ಮೇಲೆ ಅವರು ಮೈಸೂರಿಗೆ ಬಂದರು. ಗೆಳೆಯ ನಂದಲಾಲರು ಶಾಂತಿನಿಕೇತನದಲ್ಲಿ ಶಿಷ್ಯಪರಂಪರೆಯನ್ನೇ ಬೆಳೆಸಿದರು. ವೆಂಕಟಪ್ಪನವರದು ಏಕಾಂತದ ದಾರಿ. ಮದುವೆಯಾಗಲಿಲ್ಲ. ಕಲೆ ಅವರಿಗೆ ವ್ರತವಾಗಿತ್ತು. ದಂತದ ತುಣುಕಿನ ಮೇಲೆ ಭಾವಚಿತ್ರಗಳನ್ನು ಬರೆಯುವ ಅತಿಸೂಕ್ಷ್ಮ ಕೆಲಸದಲ್ಲಿ ಅವರ ಹೆಸರು ಹರಡಿತು. ಆಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ, ವೀಣೆ ಕಲಿಯಲು ಹೊರಟು ವೀಣೆ ಶೇಷಣ್ಣನವರ ಶಿಷ್ಯರಾದರು. ಹವ್ಯಾಸವೆಂದು ಹಿಡಿದದ್ದು ಗೀಳಾಗಿ, ವರ್ಷಗಳ ಕಾಲ ಕುಂಚವನ್ನು ಹಿಂದಕ್ಕೆ ಸರಿಸಿತು. ವೀಣೆಯ ಹುಚ್ಚಿಗೆ ಸಿಕ್ಕಿದ ತಮ್ಮ ಅವಸ್ಥೆಯನ್ನೇ ಅವರು 1926ರಲ್ಲಿ ಚಿತ್ರವಾಗಿಸಿದರು. ತನ್ನನ್ನು ತಾನು ಇಷ್ಟು ನಿರ್ದಾಕ್ಷಿಣ್ಯವಾಗಿ ನೋಡಿಕೊಂಡ ಚಿತ್ರ ಆ ಕಾಲದ ಭಾರತೀಯ ಕಲೆಯಲ್ಲಿ ಅಪರೂಪವೆನ್ನಬೇಕು.

ಅದೇ ಕಾಲದಲ್ಲಿ ಅವರು ಉದಕಮಂಡಲಕ್ಕೆ ಹೋದರು. ಅಲ್ಲಿನ ಸರೋವರ, ಬೆಳದಿಂಗಳು, ಇಬ್ಬನಿ, ಮಳೆಗೆ ಮುನ್ನಿನ ಗಾಳಿಗಳನ್ನು ಬರೆದ ಜಲವರ್ಣ ಚಿತ್ರಗಳು ಅವರ ಶ್ರೇಷ್ಠ ಸಾಧನೆ. 1934ರಲ್ಲಿ ಕೊಡೈಕನಾಲಿನಲ್ಲಿ ಮತ್ತೊಂದು ಮಾಲೆ ಮೂಡಿತು. ಪುರಾಣವಿಲ್ಲ, ದೇವತೆಯಿಲ್ಲ, ಶ್ಲೋಕದ ಆಧಾರವಿಲ್ಲ. ಎದುರಿಗಿರುವುದನ್ನು ಇರುವಂತೆ ಕಂಡು ಬರೆದವು. ಗುಹೆಯ ಗೋಡೆಯ ಎದುರು ಕಲಿತ ಸಂಯಮವೇ ಇಲ್ಲಿ ಬೆಟ್ಟದ ಎದುರು ನಿಂತಿದೆ ಎನ್ನಬಹುದು. ಪೌರಾಣಿಕ ಚಿತ್ರಗಳಲ್ಲಿ ಅವರು ಬಂಗಾಳ ಪಂಥದ ಒಬ್ಬ ನಿಪುಣ. ಈ ಪುಟ್ಟ ನಿಸರ್ಗಚಿತ್ರಗಳಲ್ಲಿ ಮಾತ್ರ ಯಾವ ಪಂಥಕ್ಕೂ ಸೇರದ ವೆಂಕಟಪ್ಪ.

ಅರಮನೆಯೊಡನೆ ಅವರ ಸಂಬಂಧದ ಕಥೆ ಸುಖದ್ದಲ್ಲ. ನಾಲ್ವಡಿಯವರ ಅಪೇಕ್ಷೆಯಂತೆ ಅವರು ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಪೌರಾಣಿಕ ಪ್ರಸಂಗಗಳ ಉಬ್ಬುಶಿಲ್ಪಗಳನ್ನು ಗಾರೆಯಲ್ಲಿ ಮಾಡತೊಡಗಿದ್ದರು. ಅವಸರವೆಂಬುದನ್ನು ಅರಿಯದ ಕೆಲಸ ಅದು. ತೃಪ್ತಿಯಾಗುವವರೆಗೆ ಒಂದನ್ನೂ ಕೈಬಿಡುವವರಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅವರೊಡನೆ ಆಶ್ರಯವೂ ಕುಸಿಯಿತು. ಕೆಲಸ ನಿಂತಿತು, ಸಂಭಾವನೆಯ ವಿಷಯದಲ್ಲಿ ವಿವಾದ ಎದ್ದಿತು, ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತಲೆಮಾರುಗಳಿಂದ ಅರಮನೆಯ ಅನ್ನ ಉಂಡ ಮನೆತನದ ಕುಡಿಯೊಬ್ಬರು ಅರಮನೆಯ ಮೇಲೆಯೇ ದಾವೆ ಹೂಡುವುದು ಅಂದಿನ ಮೈಸೂರಿನಲ್ಲಿ ಊಹಿಸಲಾಗದ ಮಾತು. ಕೃತಘ್ನತೆ ಎಂದವರಿದ್ದಿರಬೇಕು. ಅವರ ದೃಷ್ಟಿಯಲ್ಲಿ ಪ್ರಶ್ನೆ ಹಣದ್ದಷ್ಟೇ ಆಗಿರಲಿಲ್ಲ. ಕಲಾವಿದನ ದುಡಿಮೆಯನ್ನು ಕೂಲಿಯ ಲೆಕ್ಕದಲ್ಲಿ ಅಳೆಯಬಹುದೇ, ಅವನು ಒಡೆಯನ ಆಳೇ ಅಥವಾ ತನ್ನ ಮಾತಿಗೆ ಬೆಲೆಯುಳ್ಳ ಸ್ವತಂತ್ರ ವ್ಯಕ್ತಿಯೇ ಎಂಬುದಾಗಿತ್ತು. ಚಿತ್ರಗಾರನಿಂದ ಕಲಾವಿದನವರೆಗಿನ ದೂರವನ್ನು ಕರ್ನಾಟಕದಲ್ಲಿ ಮೊದಲು ನಡೆದವರು ಅವರು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದೇ.

ಮೈಸೂರನ್ನು ಬಿಟ್ಟು ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಚಿತ್ರಗಳನ್ನು ಮಾರಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಕೊಳ್ಳುವವರು ಬಂದರೂ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಇದರಿಂದ ಚಿತ್ರಗಳು ಚೆದುರಿಹೋಗದೆ ಒಂದೆಡೆ ಉಳಿದವು, ನಿಜ. ಆದರೆ ಹೆಸರು ಕೇಳಿದ್ದ ಬಹುಜನರಿಗೆ ಚಿತ್ರ ಕಾಣುವ ಭಾಗ್ಯವಿರಲಿಲ್ಲ. ದೂರದ ಗುಹೆಯ ಚಿತ್ರಗಳು ಎಲ್ಲರಿಗೂ ಕಾಣಲೆಂದು ತರುಣದಲ್ಲಿ ದುಡಿದವರು ಮುಪ್ಪಿನಲ್ಲಿ ತಮ್ಮ ಚಿತ್ರಗಳಿಗೆ ತಾವೇ ಗುಹೆಯಾದರು. ಇದು ಅವರ ಸ್ವಭಾವದ ಕೊರತೆಯೋ, ಮಾರುಕಟ್ಟೆಯ ಕೈಗೆ ಕೃತಿಯನ್ನು ಒಪ್ಪಿಸದ ಘನತೆಯೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಲು ಬಾರದು. ಎರಡೂ ಇದ್ದಂತೆ ತೋರುತ್ತದೆ. 1962ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿ ಅವರನ್ನು ಫೆಲೋ ಆಗಿ ಗೌರವಿಸಿತು. 1965ರಲ್ಲಿ ಅವರು ಕಾಲವಾದರು.

ಅವರ ಕೃತಿಗಳು ಸರಕಾರದ ವಶಕ್ಕೆ ಬಂದು, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಸ್ತುಸಂಗ್ರಹಾಲಯದ ಮಗ್ಗುಲಿಗೆ ಅವರದೇ ಹೆಸರಿನ ಚಿತ್ರಶಾಲೆ 1970ರ ದಶಕದಲ್ಲಿ ತೆರೆಯಿತು. ಅವರ ಚಿತ್ರಗಳೊಡನೆ ಇತರ ಕಲಾವಿದರ ಪ್ರದರ್ಶನಗಳಿಗೂ ಅದು ತಾಣವಾಯಿತು. ಬಾಡಿಗೆಯ ದೊಡ್ಡ ಸಭಾಂಗಣಗಳ ಬಳಿ ಸುಳಿಯಲಾಗದ ಎಷ್ಟೋ ತರುಣರು ತಮ್ಮ ಮೊದಲ ಪ್ರದರ್ಶನವನ್ನು ಅಲ್ಲಿ ಏರ್ಪಡಿಸಿದರು. ಆ ಕಟ್ಟಡದ ನಿರ್ವಹಣೆಯನ್ನು ಖಾಸಗಿಯವರಿಗೆ ಒಪ್ಪಿಸುವ ಮಾತು ಬಂದಾಗ, 2016ರಲ್ಲಿ ಕಲಾವಿದರು ಅದರ ಎದುರು ನೆರೆದು, ಬೀದಿಯಲ್ಲಿಯೇ ಚಿತ್ರ ಬರೆದು, ಹಾಡಿ ಪ್ರತಿಭಟಿಸಿದರು. ಅದು ಸಾರ್ವಜನಿಕರ ಜಾಗ, ಸಾರ್ವಜನಿಕರದ್ದಾಗಿಯೇ ಉಳಿಯಬೇಕೆಂಬುದು ಅವರ ಬೇಡಿಕೆ. ಒಳಗೆ ಗಾಜಿನ ಹಿಂದೆ ಉದಕಮಂಡಲದ ಬೆಳದಿಂಗಳು ಇತ್ತು, ಅಂಗೈ ಅಗಲದ ದಂತದ ಮುಖಗಳಿದ್ದವು, ರಾಮಾಯಣದ ಆ ಹಳೆಯ ನೀರುಬಣ್ಣಗಳ ನೆನಪಿತ್ತು.